ಕುಡಿತ ಬಿಡುವಾಗಿನ ಸುರಕ್ಷತೆ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ವರ್ಷಗಳಿಂದ ಪ್ರತಿದಿನ ಅತಿಯಾಗಿ ಮದ್ಯ ಸೇವಿಸುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ, ಮೊದಲ 48 ಗಂಟೆಗಳೊಳಗೆ ಕೈನಡುಕ, ಬೆವರು, ನಿದ್ರಾಹೀನತೆಗಳ ಜೊತೆಗೆ ಫಿಟ್ಸ್ ಕೂಡ ಬರಬಹುದು, ಆನಂತರ ತೀವ್ರ ಗೊಂದಲ ಮತ್ತು ಭ್ರಮೆಗಳೂ ಕಾಣಿಸಿಕೊಳ್ಳಬಹುದು; ಇದು ಪ್ರಾಣಕ್ಕೇ ಕುತ್ತು ತರಬಲ್ಲದಾದ್ದರಿಂದ ವೈದ್ಯರ ಮೇಲ್ವಿಚಾರಣೆಯಲ್ಲೇ ಬಿಡಿಸಬೇಕು. ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವ ಪ್ರಯತ್ನ, ಎಷ್ಟೇ ಪ್ರೀತಿಯಿಂದ ಮಾಡಿದರೂ, ತಪ್ಪೆಂದೇ ನನ್ನ ದೃಢ ಅಭಿಪ್ರಾಯ.

ಮದ್ಯದೊಂದಿಗೆ ನಿದ್ರೆಮಾತ್ರೆ ಸೇರಿದರೆ ಉಸಿರಾಟವೇ ಕುಗ್ಗುತ್ತದೆ. ಎಚ್ಚರ ತಪ್ಪಿದವರನ್ನು ಮಗ್ಗುಲಿಗೆ ಮಲಗಿಸಿ, ಒಬ್ಬರನ್ನೇ ಬಿಡದೆ, ತಕ್ಷಣ ಆಂಬುಲೆನ್ಸ್ ಕರೆಸಿ.

ಯಾರಾದರೂ ಸಾಯುವ ಮಾತನಾಡಿದರೆ ಆ ಬಗ್ಗೆ ನೇರವಾಗಿ, ಮೃದುವಾಗಿ ವಿಚಾರಿಸಿ. ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಗುಂಪಿನಲ್ಲಿ ಯಾರ ಹೆಸರನ್ನೂ ಬರೆಯಬಾರದು. ನೆರವು ಬೇಕಾದವರು ನಿರ್ವಾಹಕರಿಗೆ ಖಾಸಗಿಯಾಗಿ ತಿಳಿಸಬೇಕೆಂದು ಕೋರುತ್ತೇನೆ.