ರಾಜೀನಾಮೆಗೆ ಮುನ್ನ: ವನ್ಯಜೀವಿ ಛಾಯಾಗ್ರಾಹಕನಾಗಹೊರಟ ಗೆಳೆಯನಿಗೆ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಇರುವ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಉಳಿತಾಯದ ಹಣವನ್ನೆಲ್ಲ ಸುರಿದು ದೂರದ್ದನ್ನು ಹತ್ತಿರ ತೋರಿಸುವ 600 ಮಿಲಿಮೀಟರ್ ಲೆನ್ಸ್ ಕೊಂಡು, ವನ್ಯಜೀವಿ ಛಾಯಾಗ್ರಹಣವನ್ನೇ ವೃತ್ತಿಯಾಗಿ ಹಿಡಿಯಲೇ ಎಂದು ಕೇಳಿದ್ದೀಯ. ವೃತ್ತಿಯನ್ನು ಹಿಡಿ ಎಂದೇ ಹೇಳುತ್ತೇನೆ. ರಾಜೀನಾಮೆಯನ್ನೂ ಲೆನ್ಸನ್ನೂ ಮಾತ್ರ ಸದ್ಯಕ್ಕೆ ಮುಂದಕ್ಕೆ ಹಾಕು. ಒಂದು ಜೀವಿಯನ್ನೋ ಒಂದು ನೆಲೆಯನ್ನೋ ಚೆನ್ನಾಗಿ ಬಲ್ಲವನು ಎಂಬ ಹೆಸರಿದ್ದವನಿಗೆ ಈ ಕ್ಷೇತ್ರದಲ್ಲಿ ಕೆಲಸ ಹುಡುಕಿಕೊಂಡು ಬರುತ್ತದೆ, ಆದರೆ ಆ ಹೆಸರು ಬರುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಅಷ್ಟು ಕಾಲ ಮನೆ ನಡೆಯಬೇಕಲ್ಲವೇ? ಅಮೆರಿಕದ ಜಾರ್ಜ್ ಶೈರಸ್ ಅವರ 74 ಚಿತ್ರಗಳನ್ನು ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆ 1906ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿತು; ಫ್ಲ್ಯಾಶ್ ಬೆಳಗಿಸಿ ರಾತ್ರಿಯಲ್ಲಿ ತೆಗೆದ ಪ್ರಾಣಿಗಳ ಚಿತ್ರಗಳೂ ಅವುಗಳಲ್ಲಿದ್ದವು. ಈ ಕಲೆಗೆ ದಾರಿ ಹಾಕಿಕೊಟ್ಟ ಆ ಮಹನೀಯರು ವಕೀಲರಾಗಿದ್ದರು, ಅಲ್ಪಕಾಲ ಸಂಸತ್ತಿನ ಸದಸ್ಯರೂ ಆಗಿದ್ದರು ಎಂಬುದನ್ನು ನಿನ್ನಂಥವರಿಗೆ ಯಾರೂ ನೆನಪಿಸುವುದಿಲ್ಲ.

ಹಾಗಾದರೆ ಎಲ್ಲಿಂದ ತೊಡಗಬೇಕು? ದೂರದ ಕಾಡಿಗೆ ವರ್ಷಕ್ಕೊಮ್ಮೆ ಹೋಗಿ ಬರುವುದಕ್ಕಿಂತ, ವಾರಕ್ಕೆ ಎರಡು ಬಾರಿ ಹೋಗಿಬರಬಹುದಾದ ಒಂದು ನೀರಿನ ತಾಣವನ್ನು ಆರಿಸಿಕೊ. ಮಿಂಚುಳ್ಳಿಯನ್ನೇ ತೆಗೆದುಕೊ. ಅದು ಮೇಲಿಂದ ಮೇಲೆ ಒಂದೇ ಕೊಂಬೆಗೆ ಮರಳುತ್ತದೆ, ಹಿಡಿದ ಮೀನನ್ನು ಆ ಕೊಂಬೆಗೇ ಬಡಿದು ತಲೆಯ ಕಡೆಯಿಂದ ನುಂಗುತ್ತದೆ. ಇಷ್ಟು ತಿಳಿದವನು ಹಕ್ಕಿಯ ಬೆನ್ನು ಹತ್ತುವುದಿಲ್ಲ. ಕೊಂಬೆಗೆ ಫೋಕಸ್ ಇಟ್ಟು, ಶಟರ್ ವೇಗವನ್ನು 1/2000 ಸೆಕೆಂಡ್ ಅಥವಾ ಅದಕ್ಕಿಂತ ಚುರುಕಾಗಿಸಿಕೊಂಡು ಕಾಯುತ್ತಾನೆ. ಇನ್ನೂ ಕೆಲವು ದಿನ ನೋಡಿದರೆ ಮತ್ತೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಒಮ್ಮೊಮ್ಮೆ ಮೀನಿನ ತಲೆ ಕೊಕ್ಕಿನಿಂದ ಹೊರಮುಖವಾಗಿರುತ್ತದೆ. ಆ ಮೀನು ಸಂಗಾತಿಗೋ ಮರಿಗೋ ಹೊರಟದ್ದು. ಮೀನನ್ನು ಹಾಗೆ ಕಚ್ಚಿಕೊಂಡ ಹಕ್ಕಿ ನಿನ್ನನ್ನು ಕಂಡು, ಗೂಡಿರುವ ದಡದ ಬಿಲಕ್ಕೆ ಹೋಗದೆ ಕೊಂಬೆಯಲ್ಲೇ ಕುಳಿತಿದ್ದರೆ, ನೀನು ಮರಿಗಳ ಊಟಕ್ಕೆ ಅಡ್ಡ ನಿಂತಿದ್ದೀಯ ಎಂದೇ ಅರ್ಥ. ಚಿತ್ರ ಎಷ್ಟೇ ಚೆನ್ನಾಗಿ ಬರುತ್ತಿದ್ದರೂ ಅಲ್ಲಿಂದ ಎದ್ದು ಬರಬೇಕು. ಗೂಡಿನ ಜಾಗವನ್ನು ಯಾರಿಗೂ ಹೇಳಬಾರದು, ಹಂಚಿಕೊಳ್ಳುವ ಫೈಲಿನಿಂದ ಸ್ಥಳದ ಮಾಹಿತಿಯನ್ನು ಅಳಿಸಿಬಿಡಬೇಕು.

ಸಲಕರಣೆಯ ವಿಚಾರದಲ್ಲಿ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಹಳೆಯ ಕ್ಯಾಮೆರಾ ಸಾಕು, ಉದ್ದದ ಲೆನ್ಸ್ ಬಾಡಿಗೆಗೆ ಸಿಗುತ್ತದೆ, ಕ್ಯಾಮೆರಾ ದಾಖಲಿಸಿದ ಮೂಲರೂಪವಾದ ರಾ ಫೈಲನ್ನು ಮಾತ್ರ ಎಂದೂ ಅಳಿಸಬೇಡ.

ಹೆಚ್ಚು ಯೋಚಿಸಬೇಕಾದದ್ದು ಕಥನದ ಬಗ್ಗೆ. ಚೂಪಾದ ಫೋಕಸ್ಸಿನ ಹುಲಿಮುಖಗಳು ಎಲ್ಲ ಸಂಪಾದಕರ ಬಳಿಯೂ ರಾಶಿ ಬಿದ್ದಿವೆ. ಅಮೆರಿಕದ ವನ್ಯಜೀವಿ ಛಾಯಾಗ್ರಾಹಕ ಸ್ಟೀವ್ ವಿಂಟರ್ ಅವರು ಲಾಸ್ ಏಂಜಲೀಸ್‌ನ ಹಾಲಿವುಡ್ ಫಲಕದ ಕೆಳಗೆ ನಡೆದುಹೋಗುವ ಪಿ-22 ಎಂಬ ಪ್ಯೂಮಾದ (ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ) ಚಿತ್ರವನ್ನು, ಪ್ರಾಣಿ ಎದುರು ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಪಡೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು. ಅದು 2013ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಹೆದ್ದಾರಿಗಳ ನಡುವೆ ಸಿಕ್ಕಿಬಿದ್ದ ಕಾಡುಪ್ರಾಣಿಯೊಂದರ ಪಾಡು ಆ ಒಂದೇ ಚೌಕಟ್ಟಿನಲ್ಲಿತ್ತು. ಅದೇ ಪ್ರದೇಶದಲ್ಲಿ ಪ್ರಾಣಿಗಳು ಹೆದ್ದಾರಿ ದಾಟಲೆಂದು ಕಟ್ಟುವ ಸೇತುವೆಯ ಕೆಲಸ 2022ರಲ್ಲಿ ಆರಂಭವಾದಾಗ, ಪಿ-22 ಆ ಪ್ರಚಾರಕ್ಕೆಲ್ಲ ಮುಖವಾಗಿಬಿಟ್ಟಿತ್ತು. ಕೊರಳಿಗೆ ಸಂಕೇತ ಕಳಿಸುವ ಕಾಲರ್ ತೊಡಿಸಿ ಪ್ಯೂಮಾಗಳ ಓಡಾಟವನ್ನು ಗುರುತಿಸುತ್ತಿದ್ದ ಜೀವವಿಜ್ಞಾನಿಗಳ ನೆರವಿಲ್ಲದೆ ಇಂಥ ಚಿತ್ರ ಹುಟ್ಟುವುದಿಲ್ಲ; ನೀನೂ ಸಂಶೋಧಕರ ಪರಿಚಯ ಬೆಳೆಸಿಕೊ, ಅವರಿಗೆ ಬೇಕಾದ ದಾಖಲೆಯ ಚಿತ್ರಗಳನ್ನು ತೆಗೆದುಕೊಡು.

ಇನ್ನು ಯಾರಿಗೂ ಇಷ್ಟವಿಲ್ಲದ ಗುಮಾಸ್ತಗಿರಿ. ಪತ್ರಿಕೆಯೊಂದಕ್ಕೆ ಚಿತ್ರ ಕೊಡುವಾಗ ನೀನು ಮಾರುವುದು ಅದನ್ನು ಬಳಸುವ ಅನುಮತಿಯನ್ನು ಮಾತ್ರ. ಯಾವ ಬಳಕೆಗೆ, ಎಷ್ಟು ಕಾಲಕ್ಕೆ, ಯಾವ ದೇಶಗಳಲ್ಲಿ, ಅವರೊಬ್ಬರಿಗೇ ಮೀಸಲೋ ಎಂಬುದೆಲ್ಲ ಬರವಣಿಗೆಯಲ್ಲಿ ಇರಲಿ, ಹಕ್ಕುಸ್ವಾಮ್ಯ ನಿನ್ನಲ್ಲೇ ಉಳಿಯಲಿ. ಹೆಸರು ಹಾಕುತ್ತೇವೆ, ಹಣ ಕೊಡಲಾಗದು ಎನ್ನುವವರಿಗೆ ಸೌಜನ್ಯದಿಂದಲೇ ಇಲ್ಲವೆನ್ನು. ಪ್ರತಿ ಫೈಲಿನಲ್ಲೂ ದಿನಾಂಕ, ಸ್ಥಳ, ಜೀವಿಯ ವೈಜ್ಞಾನಿಕ ಹೆಸರು, ಅದು ಏನು ಮಾಡುತ್ತಿತ್ತು ಎಂಬ ವಿವರಗಳನ್ನು ಆ ದಿನವೇ ತುಂಬಿಸಿಡು. ಕೇಳಿದ ಚಿತ್ರವನ್ನು ಒಂದು ಗಂಟೆಯಲ್ಲಿ ಹುಡುಕಿ ಕಳುಹಿಸಬಲ್ಲವನಿಗೇ ಎರಡನೆಯ ಕರೆ ಬರುತ್ತದೆ. ಪ್ರತಿಗಳು ಬೇರೆಬೇರೆ ಕಟ್ಟಡಗಳಲ್ಲಿರಲಿ. ಚಿತ್ರಗಳನ್ನು ಸಂಗ್ರಹಿಸಿಟ್ಟು ಬಳಕೆಗೆ ಮಾರುವ ಸ್ಟಾಕ್ ಏಜೆನ್ಸಿಗಳಿಂದ ಬರುವ ಹಣ ಈಗ ಅಲ್ಪ; ಬಹುತೇಕರ ವರಮಾನ ತರಬೇತಿ ಶಿಬಿರ, ಛಾಯಾಗ್ರಾಹಕರ ಪ್ರವಾಸಗಳ ಮುಂದಾಳತ್ವ, ಉಪನ್ಯಾಸ, ಮುದ್ರಿತ ಚಿತ್ರಗಳ ಮಾರಾಟ, ಸಂರಕ್ಷಣಾ ಸಂಸ್ಥೆಗಳು ವಹಿಸುವ ಕೆಲಸ, ವಿಡಿಯೊ ಹೀಗೆ ಹರಿದು ಹಂಚಿಹೋಗಿರುತ್ತದೆ. ವನ್ಯಜೀವಿ ಛಾಯಾಗ್ರಾಹಕರು ಎನಿಸಿಕೊಂಡವರಲ್ಲಿ ಎಷ್ಟೋ ಮಂದಿ ಇನ್ನೊಬ್ಬರಿಗೆ ಅದನ್ನು ಕಲಿಸಿಯೇ ಬದುಕುತ್ತಾರೆ. ಅದರಲ್ಲೊಂದು ವ್ಯಂಗ್ಯವಿದೆ, ಆದರೆ ಒಲೆ ಉರಿಯುವುದು ಅದರಿಂದಲೇ.

ಸ್ಪರ್ಧೆಗಳ ಬಗ್ಗೆಯೂ ಕೇಳಿದ್ದೀಯ. ಕಳುಹಿಸು, ಆದರೆ ನಿಯಮಾವಳಿಯನ್ನು ಪೂರ್ತಿ ಓದು. ಪ್ರವೇಶ ಶುಲ್ಕವನ್ನೂ ಪಡೆದು, ಬಂದ ಚಿತ್ರಗಳನ್ನೆಲ್ಲ ಮನಬಂದಂತೆ ಬಳಸುವ ಹಕ್ಕನ್ನೂ ಬರೆಸಿಕೊಳ್ಳುವ ಸ್ಪರ್ಧೆಗಳಿವೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ 2009ರ ಅಗ್ರ ಪ್ರಶಸ್ತಿ ಪಡೆದ ತೋಳದ ಚಿತ್ರವನ್ನು, ಅದು ಪಳಗಿಸಿದ ಪ್ರಾಣಿಯಿರಬೇಕೆಂಬ ಬಲವಾದ ಅನುಮಾನದ ಮೇಲೆ ಮರುವರ್ಷ ಅನರ್ಹಗೊಳಿಸಲಾಯಿತು. 2018ರಲ್ಲಿ ಇನ್ನೊಂದು ವಿಜೇತ ಚಿತ್ರದ ಇರುವೆಭಕ್ಷಕ, ಸತ್ತ ಪ್ರಾಣಿಯ ಚರ್ಮವನ್ನು ತುಂಬಿಸಿ ನಿಲ್ಲಿಸಿದ್ದೆಂದು ತಜ್ಞರು ತೀರ್ಮಾನಿಸಿದ್ದರಿಂದ ಅದೂ ಹೋಯಿತು. ಆಹಾರದ ಆಮಿಷವೊಡ್ಡಿದ್ದರೆ, ಪ್ರಾಣಿ ಬಂಧನದಲ್ಲಿದ್ದರೆ, ಅಡಿಬರಹದಲ್ಲಿ ಅದನ್ನು ನೇರವಾಗಿ ಬರೆ.

ಸದ್ಯಕ್ಕೆ ನಿನ್ನ ಸಂಗ್ರಹದಿಂದ ಒಂದೇ ಜೀವಿಯ ಹತ್ತು ಹನ್ನೆರಡು ಚಿತ್ರಗಳನ್ನು ಆರಿಸಿ, ಅಡಿಬರಹಗಳೊಂದಿಗೆ ಕಳುಹಿಸು. ಅವುಗಳಲ್ಲಿ ಯಾವುದು ಸಂಪಾದಕರ ಮುಂದೆ ನಿಲ್ಲಬಹುದು, ಕಥನದಲ್ಲಿ ಯಾವ ಕೊಂಡಿ ತಪ್ಪಿದೆ ಎಂದು ನೋಡಿ ಬರೆಯುತ್ತೇನೆ. ರಾಜೀನಾಮೆಯ ಮಾತನ್ನು ಆಮೇಲೆ ಆಡೋಣ.

ಇಂತಿ,
ನಿನ್ನ ಗೆಳೆಯ