ಶ್ರೀರಂಗಪಟ್ಟಣಕ್ಕೊಂದು ಮರದ ಹಡಗು ಬೇಕು

ಶ್ರೀರಂಗಪಟ್ಟಣ ಕ್ಷೇತ್ರದ ಮಾನ್ಯ ಶಾಸಕರಿಗೆ, ನಮಸ್ಕಾರ.

ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯಲ್ಲಿ ಪೊಲ್ಲಿಲೂರು ಯುದ್ಧದ ಆನೆ, ಕುದುರೆ, ಬಂಡಿಗಳನ್ನು ನೋಡುವ ಮಕ್ಕಳಿಗೆ ಈ ಊರಿಂದ ಆಳಿದ ರಾಜ್ಯಕ್ಕೆ ಕಡಲೂ ಇತ್ತೆಂದು ಹೇಳುವವರಿಲ್ಲ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿರುವ ಮಂಗಳೂರು 1763ರಲ್ಲಿ ಹೈದರನ ಕೈಗೆ ಬಂತು. ಅಲ್ಲಿ ಅವನು ನೌಕಾಪಡೆ ಕಟ್ಟಿದ. 1768ರಲ್ಲಿ ಇಂಗ್ಲಿಷರು ಆ ಊರು ಹಿಡಿದಾಗ ಹಡಗುಗಳೂ ಅವರ ಪಾಲಾದವು. 1796ರಲ್ಲಿ ಟಿಪ್ಪು ಮತ್ತೆ ನೌಕಾಡಳಿತಕ್ಕೆ ಮೀರ್ ಯಮ್‌ಗಳ (ನೌಕಾಧಿಪತಿಗಳ) ಮಂಡಳಿ ನೇಮಿಸಿದ.

ಊರಿನಲ್ಲಿ ಒಂದು ಮಾದರಿ ಹಡಗು ಇಡಿಸಿಕೊಡಿ. ಫೈಬರ್ ಅಚ್ಚಿನದು ಖಂಡಿತ ಬೇಡ. 30 ಮೀಟರ್ ಹಡಗನ್ನು ಹತ್ತನೇ ಒಂದಕ್ಕೆ ಇಳಿಸಿದರೆ 3 ಮೀಟರ್ ಆಗುತ್ತದೆ, 5 ಸೆಂಟಿಮೀಟರ್ ಹಲಗೆ 5 ಮಿಲಿಮೀಟರ್‌ಗೆ ಬರುತ್ತದೆ. ಒಂದು ಮಗ್ಗುಲಿಗೆ ಪೂರ್ತಿ ಹಲಗೆ ಹೊದಿಸಿ, ಇನ್ನೊಂದು ಮಗ್ಗುಲು ತೆರೆದಿರಲಿ. ಹಡಗಿನ ಬೆನ್ನೆಲುಬಾದ ಅಡಿಮರ, ಅದರಿಂದ ಮೇಲೇಳುವ ಪಕ್ಕೆಗಳು ಕಾಣಬೇಕು. ಪಕ್ಕೆಗೆ ಹುಟ್ಟಾ ಬಾಗಿದ ಕೊಂಬೆಯೇ ಆಗಬೇಕು. ನೇರ ದಿಮ್ಮಿಯಲ್ಲಿ ಬಾಗು ಕೊಯ್ದರೆ ಎಳೆ ಅಡ್ಡಕ್ಕೆ ತುಂಡಾಗಿ, ಅಲೆಯ ಪೆಟ್ಟಿಗೆ ಅಲ್ಲೇ ಸೀಳುತ್ತದೆ. ಹಲಗೆಗಳ ಸಂದಿಗೆ ಹತ್ತಿ ಎಳೆ ಒತ್ತಿ, ಎಣ್ಣೆಯಲ್ಲಿ ಕಾಸಿದ ರಾಳ ತುಂಬಬೇಕು. ಎಳೆ ಕಡಿಮೆಯಾದರೆ ನೀರು ಒಸರುತ್ತದೆ, ಅತಿಯಾಗಿ ಬಡಿದರೆ ನೀರಿಗಿಳಿದ ಮೇಲೆ ಉಬ್ಬಿ ಹಲಗೆಯನ್ನೇ ಹೊರಗೆ ತಳ್ಳುತ್ತದೆ.

ಪಕ್ಕದಲ್ಲಿ ಹುಳು ತಿಂದ ಹಳೇ ದೋಣಿಯ ಹಲಗೆಯೊಂದನ್ನು ಕೊಯ್ದು ಇಡಿ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಬೆರಳು ತೂರುವಷ್ಟು ಸುರಂಗ, ಅದರ ಗೋಡೆಗೆ ಸುಣ್ಣದ ಬಿಳಿ ಪದರ. ಮರ ಕೊರೆಯುವ ಈ ಕಡಲ ಹುಳು ಉಪ್ಪುನೀರಿನ ಜೀವಿ, ಸಿಹಿನೀರಿನಲ್ಲಿ ಹೆಚ್ಚು ದಿನ ಬದುಕದು. ಅಳಿವೆಯ ಊರಿಗೆ ಇದೊಂದು ದೊಡ್ಡ ಅನುಕೂಲ: ದೋಣಿಯನ್ನು ಹೊಳೆಯ ಮೇಲಕ್ಕೆ ಒಯ್ದು ನಿಲ್ಲಿಸಿದರೆ ಹುಳು ಸಾಯುತ್ತದೆ. ಆದರೆ ಅದೇ ಅಳಿವೆಯಲ್ಲಿ ಮರಳಿನ ದಿಬ್ಬ ಸರಿಯುತ್ತಿರುತ್ತದೆ; ಕಡಲಿನ ಭರತ-ಇಳಿತ ನೋಡದೆ ಹೊರಟ ಹಡಗು ತಳ ಕಚ್ಚಿ ನಿಲ್ಲುತ್ತದೆ.

ಟೆಂಡರ್‌ನಲ್ಲಿ ಮೂರು ಮಾತು ಬಿಡಬೇಡಿ. ಚೆನ್ನಾಗಿ ಒಣಗಿದ ತೇಗ: ಹಸಿ ಮರವಾದರೆ ಮೊದಲ ಏಪ್ರಿಲ್‌ಗೇ ಸಂದಿಗಳು ಬಾಯಿ ಬಿಡುತ್ತವೆ. ಅಡಿಮರದ ಉದ್ದಕ್ಕೂ ಆಸರೆ: ಎರಡೇ ತುದಿಯಲ್ಲಿ ಕೂರಿಸಿದರೆ ನಡು ಜಗ್ಗುತ್ತದೆ. ಕೆಲಸವನ್ನು ಕರಾವಳಿಯ ದೋಣಿ ಬಡಗಿಗಳಿಗೋ ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವವರಿಗೋ ಕೊಡಿ, ನಮ್ಮೂರ ಇಬ್ಬರು ಹುಡುಗರು ಅವರ ಜೊತೆ ಕೂತು ಕಲಿಯಲಿ. ನಕ್ಷೆ, ಮರದ ಲೆಕ್ಕ ಮಾಡಿಕೊಡಲು ನಾವು ಸಿದ್ಧ.

ಇಂತಿ,
ಮೈಸೂರಿನ ಮರಗೆಲಸದವರು