ರಾಜೀನಾಮೆ ಪತ್ರ ಮುಂದಿಟ್ಟರೆ ಕೂಡಲೇ ಸಹಿ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಜಪಾನಿನಲ್ಲಿ ಕೆಲಸ ಮಾಡುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಕಂಪನಿಯವರು ಕರೆದು ಕೂರಿಸಿ ರಾಜೀನಾಮೆ ಪತ್ರ ಕೊಟ್ಟರೆ ಅಲ್ಲೇ ಸಹಿ ಹಾಕಬೇಡಿ. ಹಾಕಿದರೆ ನೀವೇ ಬಿಟ್ಟ ಹಾಗಾಗುತ್ತದೆ, ಆಮೇಲೆ ವಾದ ಮಾಡುವುದು ಬಹಳ ಕಷ್ಟ. ಅವರಾಗಿಯೇ ತೆಗೆಯಬೇಕಾದರೆ ಒಪ್ಪುವಂಥ ಕಾರಣ ಬೇಕು, ಸಾಮಾನ್ಯವಾಗಿ 30 ದಿನ ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ಅಷ್ಟು ದಿನದ ಸಂಬಳ ಕೊಡಬೇಕು.

ಜಪಾನಿನಲ್ಲಿ ಹೆಚ್ಚಿನ ಕಾರ್ಮಿಕ ಸಂಘಗಳು ಆಯಾ ಕಂಪನಿಯ ಒಳಗಿನವು. ಎಷ್ಟೋ ಕಡೆ ಕಾಯಂ ನೌಕರರನ್ನು ಬಿಟ್ಟು ಬೇರೆಯವರನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಂತ ಗುತ್ತಿಗೆಯವರು ಸುಮ್ನೆ ಕೂರಬೇಕಿಲ್ಲ. ಗೋಡೋ ರೋಸೋ ಅನ್ನುವ ಹೊರಗಿನ ಸಂಘಗಳಿವೆ, ಒಬ್ಬರೇ ಹೋಗಿ ಸೇರಬಹುದು, ವಿದೇಶಿಯರೂ ಸೇರಬಹುದು, ಆ ಸಂಘ ಮಾತುಕತೆಗೆ ಕರೆದರೆ ಸರಿಯಾದ ಕಾರಣವಿಲ್ಲದೆ ಕಂಪನಿ ಬರಲ್ಲ ಅನ್ನುವ ಹಾಗಿಲ್ಲ. ನನಗಂತೂ ಇದು ದೊಡ್ಡ ಧೈರ್ಯ.

ಇನ್ನೊಂದು ವಿಷಯ. ಒಂದೇ ಕಂಪನಿಯಲ್ಲಿ ಗುತ್ತಿಗೆ ಮುಂದುವರಿದು ಒಟ್ಟು 5 ವರ್ಷ ದಾಟಿದರೆ ಅವಧಿ ಇಲ್ಲದ ಒಪ್ಪಂದ ಕೇಳಬಹುದು, 2013ರಿಂದ ಈ ನಿಯಮವಿದೆ. ವಿಶ್ವವಿದ್ಯಾಲಯದ ಸಂಶೋಧಕರಿಗೆ ಅದು 10 ವರ್ಷ. ತಾನಾಗಿ ಸಿಗುವುದಿಲ್ಲ, ನೀವೇ ಕೇಳಬೇಕು. ಹಳೆಯ ಒಪ್ಪಂದಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ. ಅನುಮಾನ ಇದ್ದವರು ಗುಂಪಿನಲ್ಲೇ ಕೇಳಿ, ಕಂಪನಿ ಹೆಸರು ಮಾತ್ರ ಹಾಕಬೇಡಿ.